ನೊಗದ ಮಾತು ಯಾರದು

ಸಣ್ಣ ಮೋಟಾರು ತಿರುಗಲಾರದೆ ಸಿಕ್ಕಿಕೊಂಡು ಬಿಸಿಯಾದಾಗ ಒಂದು ವಾಸನೆ ಬರುತ್ತದೆ, ಸುಟ್ಟ ಅರಗಿನಂಥದ್ದು. ಹೋದ ವಾರ ಧಾರವಾಡದ ನಮ್ಮ ಕಚೇರಿಯಲ್ಲಿ ಹೊಸ ಮಾದರಿಯನ್ನು ಬೇಕೆಂದೇ ತಡೆಹಿಡಿದು ಪರೀಕ್ಷಿಸುತ್ತಿದ್ದಾಗ ಆ ವಾಸನೆ ಎದ್ದಿತು. ಮುರಗೋಡದ ಊಟದ ಮೇಜು, ಅದರ ಮೇಲೆ ಬಾಗಿ ಕೂತ ನಮ್ಮ ಸರ್ ನೆನಪಾದರು... ಅಥವಾ ಅವರು ಮೊದಲೇ ಮನಸ್ಸಿನಲ್ಲಿದ್ದರು, ವಾಸನೆ ಬರೀ ನೆಪವಾಯಿತೇನೋ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ನಾವು ಮಾಡುತ್ತಿರುವುದು ಅಂಗಿಯ ಜೇಬಿನಲ್ಲಿ ಕೂರುವ ತೆಳ್ಳನೆಯ ಸಾಧನ. ಗುಂಡಿ ಒತ್ತಿದರೆ ಮೋಟಾರು ಅದರ ಒಂದು ಪಕ್ಕವನ್ನು ಹೊರಗೆ ಸರಿಸುತ್ತದೆ, ಒಳಗೆ ಸುತ್ತಿಕೊಂಡಿದ್ದ ಬಾಗುವ ಪರದೆ ಬಿಚ್ಚಿಕೊಂಡು ಅಗಲವಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಪರದೆಯ ಒಂದು ಅಂಚು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಚೌಕಟ್ಟು ಓರೆಯಾಗಿ ಕಚ್ಚಿಕೊಂಡುಬಿಡುತ್ತದೆ. ಕೊನೆಗೆ ಒಂದೇ ಮೋಟಾರಿಟ್ಟು, ಅದು ಒಂದು ಅಡ್ಡಪಟ್ಟಿಯನ್ನು ಎಳೆಯುವಂತೆ ಮಾಡಿ, ಎಳೆಯುವ ಜಾಗವನ್ನು ನಡುವಿನಿಂದ ಚೂರು ಪಕ್ಕಕ್ಕೆ ಸರಿಸಿದೆವು. ಪರದೆ ನೆಟ್ಟಗೆ ಹೊರಗೆ ಬಂತು. ಈಗ ಅದಕ್ಕೆ ಪೇಟೆಂಟ್ ಅರ್ಜಿ ಹಾಕಬೇಕು.

"ಈ ಐಡಿಯಾ ಯಾರಿಗೆ ಹೊಳೀತ್ರಿ? ನಿಮಗಲ್ಲೇನು? ನಿಮ್ಮೊಬ್ರ ಹೆಸರು ಬರದ್ ಕೊಡ್ರಿ, ಮುಗೀತು" ಎಂದರು ನಮ್ಮ ಸಾಹೇಬರು.

ಮುಗಿಯಲಿಲ್ಲ. ಅಲ್ಲಿಂದಲೇ ಶುರುವಾಯಿತು.

ಸರ್ ಕಾಲೇಜಿನಲ್ಲಿ ನನಗೆ ಯಂತ್ರಗಳ ವಿನ್ಯಾಸ ಕಲಿಸಿದವರು. ನಿವೃತ್ತರಾಗಿ ಊರಾದ ಮುರಗೋಡಕ್ಕೆ ಬಂದಿದ್ದರು. ಅವರ ಮನೆತನದಲ್ಲಿ ಪುರಾಣ ಹೇಳುವ ರೂಢಿಯಿತ್ತು. ಅಡ್ಡಗಲದ ಹಳೆಯ ಪೋಥಿಗಳ ಪುಟಗಳನ್ನು ಫೋನಿನಲ್ಲಿ ಇಳಿಸಿಕೊಂಡು, ಒಂದೊಂದು ಸಾಲನ್ನೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಜಗ್ಗಿ ಓದಬೇಕಾದಾಗ ಅವರಿಗೆ ರೇಗುತ್ತಿತ್ತು. ಹಿಗ್ಗುವ ಪರದೆಯ ಹುಚ್ಚು ಹಿಡಿದದ್ದು ಹಾಗೆ. ರವಿವಾರ ನಾನು ನಮ್ಮೂರು ದೊಡವಾಡದಿಂದ ಬಸ್ಸು ಹಿಡಿದು, ಬೈಲಹೊಂಗಲದಲ್ಲಿ ಇನ್ನೊಂದು ಹತ್ತಿ ಅವರಲ್ಲಿಗೆ ಹೋಗುತ್ತಿದ್ದೆ.

ಬಾಗುವ ಪರದೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅದರ ಬದಲು ಎಕ್ಸ್-ರೇ ಹಾಳೆ ಕತ್ತರಿಸಿ ಸುತ್ತಿದ್ದೆವು. ಅದು ಸರ್ ಹೆಂಡತಿಯ ಮೊಣಕಾಲಿನದು. ಅವರನ್ನು ನಾನು ವೈನಿ ಎನ್ನುತ್ತಿದ್ದೆ.

"ನನ್ನ ಮೊಣಕಾಲ ಇನ್ನೆಷ್ಟ ಸಲ ಒಳಗ ಹೊರಗ ಎಳೀತೀರಿ? ಡಾಕ್ಟರ್ ಕೇಳಿದ್ರ ಏನ್ ತೋರಸ್ಲಿ?"

"ಮೊಣಕಾಲ ನಿನ್ನ ಹಂತ್ಯಾಕನ ಅದ ಅಲ್ಲ? ಅದನ್ನ ತೋರ್ಸು" ಎನ್ನುತ್ತಿದ್ದರು ಸರ್, ತಲೆ ಎತ್ತದೆ.

ಆಗ ನಮ್ಮದು ಎರಡು ಮೋಟಾರಿನ ಯಂತ್ರ, ಅಂಚಿಗೊಂದು. ಅವೆರಡೂ ಒಂದು ದಿನವೂ ಒಂದೇ ವೇಗದಲ್ಲಿ ಓಡಲಿಲ್ಲ. ಹಾಳೆ ಓರೆಯಾಗುವುದು, ಸಿಕ್ಕಿಕೊಳ್ಳುವುದು, ವಾಸನೆ ಏಳುವುದು. ಅದಕ್ಕಿಂತ ನನಗೆ ಸಿಟ್ಟು ಬರಿಸುತ್ತಿದ್ದದ್ದು ಸರ್ ರೀತಿ. ಎಲ್ಲಿ ಸಿಕ್ಕಿತು ಎಂದು ನೋಡುವುದಕ್ಕೂ ಬಿಡದೆ ಎಲ್ಲ ಬಿಚ್ಚಿಹಾಕುತ್ತಿದ್ದರು.

"ತಡೀರಿ ಸರ್, ಒಂದೀಟ ನೋಡೂಣು."

"ನೋಡೂದೇನದ ತಮ್ಮಾ? ಸಿಕ್ಕದ. ಕಾಣ್ತದಲ್ಲ!"

ಬಿಚ್ಚುವುದು, ಜೋಡಿಸುವುದು, ಬಯ್ಯುವುದು. ಎಷ್ಟೋ ಸಲ ಇನ್ನು ಈ ಮನೆಗೆ ಬರುವುದಿಲ್ಲ ಎಂದುಕೊಂಡೇ ಬಸ್ಸು ಹತ್ತಿದ್ದೇನೆ.

ಅಂಥದೇ ಒಂದು ದಿನ ನೊಗದ ಮಾತು ಬಂತು. ನಮ್ಮ ಕಡೆ ಜೋಡೆತ್ತಿನಲ್ಲಿ ಒಂದು ಸೊರಗಿದ್ದರೆ, ನೊಗಕ್ಕೆ ಹಗ್ಗ ಕಟ್ಟುವ ಜಾಗವನ್ನು ಗಟ್ಟಿ ಎತ್ತಿನ ಕಡೆಗೆ ಸರಿಸುತ್ತಾರೆ. ಭಾರ ಅದರ ಮೇಲೆ ಹೆಚ್ಚು ಬಿದ್ದು ಎರಡೂ ಸಮನಾಗಿ ನಡೆಯುತ್ತವೆ. ನಮ್ಮ ಅಡ್ಡಪಟ್ಟಿಯ ಉಪಾಯ ಅದೇ: ಯಾವ ಅಂಚು ಹೆಚ್ಚು ತಿಕ್ಕುತ್ತದೋ ಎಳೆತ ಅದರ ಹತ್ತಿರಕ್ಕೆ. ಆದರೆ ಅದನ್ನು ಮೊದಲು ಆಡಿದವರು ಯಾರು?

ಒಕ್ಕಲುತನದ ಮನೆಯವನು ನಾನು, ಆದ್ದರಿಂದ ನಾನೇ ಇರಬೇಕು. ಸಿಟ್ಟಿನಲ್ಲಿ ಮೇಜು ಬಿಟ್ಟೆದ್ದು ಕಿಟಕಿಯಲ್ಲಿ ನಿಂತಾಗ ಚಕ್ಕಡಿಯೊಂದು ಹೋಗುತ್ತಿತ್ತು, ಹೊಳೆಯಿತು... ಹೀಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಇನ್ನೊಂದು ನೆನಪಿನಲ್ಲಿ ಸರ್ ಬೆರಳಿನಿಂದ ಮೇಜು ಕುಟ್ಟಿ, "ನಿಮ್ಮ ಮನ್ಯಾಗ ಒಂದೆತ್ತ ಸೊರಗಿದ್ರ ಏನ್ ಮಾಡ್ತಾರ?" ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ಹಾಗಿದ್ದರೆ ಉಪಾಯ ಕೇಳಿದವರದೋ, ಹೇಳಿದವನದೋ? ಅವರ ಮೇಲಿನ ಪ್ರೀತಿಗೆ ಈ ಎರಡನೆಯದನ್ನು ನಾನೇ ಕಟ್ಟಿಕೊಂಡೆನೋ ಏನೋ.

ಅಡ್ಡಪಟ್ಟಿ ಮಾಡಿಸುವ ಮೊದಲೇ ಸರ್ ಹಾಸಿಗೆ ಹಿಡಿದರು. ಮತ್ತೆ ಏಳಲಿಲ್ಲ.

ವೈನಿ ಈಗ ಸವದತ್ತಿಯಲ್ಲಿ ತಂಗಿಯ ಜೊತೆ ಇದ್ದಾರೆ. ಫೋನ್ ಮಾಡಿ ಕೇಳಿದೆ.

"ನೊಗದ ಮಾತ ಯಾರ ಹೇಳಿದ್ರೋ ನನಗ್ಯಾಂಗ ಗೊತ್ತಾಗಬೇಕು? ಇಬ್ಬರೂ ಒಮ್ಮೆಲೇ ಒದರತಿದ್ರಿ. ನಾ ಚಹಾ ಆರ್ತದ, ಚಹಾ ಆರ್ತದ ಅಂತಿದ್ದೆ. ನೀವಿಬ್ಬರೂ ಅದನ್ನರ ಕೇಳಿಸ್ಕೊಂಡ್ರೇನು?"

ಅರ್ಜಿಯಲ್ಲಿ ಸರ್ ಹೆಸರನ್ನೂ ಹಾಕಲೇ, ಅವರ ಪರವಾಗಿ ನೀವು ಸಹಿ ಮಾಡಬೇಕಾಗುತ್ತದೆ ಎಂದೆ.

"ಹಾಕ್ರಿ. ಆದ್ರ ನಾಳೆ ಅದು ಸಿಗಿಬಿದ್ರ ಅವರ ಮ್ಯಾಲೆ ಹಾಕಬ್ಯಾಡ್ರಿ ಮತ್ತ" ಎಂದು ನಕ್ಕರು. ಆ ನಗು ಪೂರ್ತಿಯಾಗಲಿಲ್ಲ.

ಎರಡು ಹೆಸರು ಬರೆದುಕೊಟ್ಟೆ, ಸರ್ ಹೆಸರು ಮೊದಲು. ಸಾಹೇಬರು ಹಣೆ ಗಂಟಿಕ್ಕಿದರು.

"ತೀರಿಹೋದವರ ಹೆಸರಂದ್ರ ಇನ್ನೂ ನಾಕ ಕಾಗದ ಬೇಕಾಗ್ತಾವ್ರಿ. ಅವರ ಹೇಳಿದ್ದು ಅಂತ ಖಾತ್ರಿ ಐತೇನು?"

"ಇಲ್ರಿ. ನಾ ಹೇಳಿದ್ದು ಅಂತನೂ ಖಾತ್ರಿ ಇಲ್ಲ."

ಗೊಣಗುತ್ತ ತೆಗೆದುಕೊಂಡರು. ನಾನು ಬರೆದದ್ದು ಸರಿಯೇ, ಗೊತ್ತಿಲ್ಲ. ಸರ್ ಇದ್ದಿದ್ದರೆ ನೋಡಿದ ಕೂಡಲೇ ಬೈಯುತ್ತಿದ್ದರು, ಹೆಸರು ಹಾಕಿದ್ದಕ್ಕೋ, ಪಕ್ಕದಲ್ಲಿ ನನ್ನದನ್ನೂ ಹಾಕಿದ್ದಕ್ಕೋ. ಆ ಬೈಗುಳದಲ್ಲಿ ಉತ್ತರ ಇರುತ್ತಿತ್ತು. ನಾನು ತಪ್ಪು ಬರೆದಿದ್ದರೆ ಹಾಗೆಂದು ಹೇಳಬಲ್ಲವರು ಅವರೊಬ್ಬರೇ ಇದ್ದರು.