ಲಿಂಗಸುಗೂರಿನ ಮನೆಯಲ್ಲಿದ್ದ ನನ್ನ ಮೀನು

ಮಸ್ಕಿಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಹೊಲಿಗೆ ಯಂತ್ರ ಇರುವ ಮುಂದಿನ ಕೋಣೆಯಲ್ಲೇ ಎರಡು ಅಡಿ ಉದ್ದದ ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಎರಡು ಗೋಲ್ಡ್ ಫಿಶ್. ಒಂದು ಕಪ್ಪನೆಯದು, ಕಣ್ಣು ಹೊರಗೆ ಉಬ್ಬಿದ್ದು. ಇನ್ನೊಂದು ಒರಾಂಡಾ ಜಾತಿಯದು. ಕಿತ್ತಳೆ ಮೈ, ತಲೆಯ ಮೇಲೆ ಟೊಪ್ಪಿಗೆ ಹಾಕಿದಂತೆ ಗಂಟುಗಂಟಾಗಿ ಬೆಳೆದ ಮಾಂಸ, ಎಡಗಣ್ಣಿನ ಮೇಲೆ ಕಾಡಿಗೆ ತಗುಲಿದಂತೆ ಒಂದು ಕಪ್ಪು ಮಚ್ಚೆ. ಅಳತೆ ಕೊಡಲು ಬಂದ ಹೆಂಗಸರು ಅದನ್ನು ನೋಡುತ್ತ ನಿಂತುಬಿಡುತ್ತಿದ್ದರು, ನಾನು "ಕೈ ಎತ್ತ್ರಿ" ಅಂದರೂ ಕೇಳಿಸುತ್ತಿರಲಿಲ್ಲ.

ಎರಡನ್ನೂ ನನ್ನ ಗಂಡ ಸಿಂಧನೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು, ಜೊತೆಗೊಂದು ದುಂಡನೆಯ ಗಾಜಿನ ಬಟ್ಟಲು. ಮೂರೇ ದಿನಕ್ಕೆ ಅವು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯತೊಡಗಿದವು. ನಾನು ದಿನಾ ನೀರು ಪೂರ್ತಿ ಚೆಲ್ಲಿ, ಬಟ್ಟಲನ್ನು ಪಾತ್ರೆ ತಿಕ್ಕಿದಂತೆ ತಿಕ್ಕಿ, ನಳದ ನೀರು ತುಂಬುತ್ತಿದ್ದೆ. ಅದೇ ತಪ್ಪೆಂದು ಯಾರಿಗೆ ಗೊತ್ತಿತ್ತು? ಬ್ಲೌಸ್ ಹೊಲಿಸಲು ಬರುತ್ತಿದ್ದ ಟೀಚರೊಬ್ಬರು ನೋಡಲಾರದೆ, ಸಿಂಧನೂರಿನಲ್ಲಿ ತಮಗೆ ಗೊತ್ತಿದ್ದ ಒಬ್ಬ ಹೆಂಗಸಿನ ಫೋನ್ ನಂಬರ್ ಕೊಟ್ಟರು. ಅವರೇ ಅಕ್ಕ. ಒಡಹುಟ್ಟಿದವರಲ್ಲ, ನಾನು ಹಾಗೆ ಕರೆದೆ, ಅವರು ತಂಗಿ ಎಂದರು.

ಅಕ್ಕ ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಗಂಡನದು ಔಷಧಿ ಅಂಗಡಿ. ಮನೆಯ ಪಡಸಾಲೆಯಲ್ಲಿ ಸಾಲಾಗಿ ಮೂರು ದೊಡ್ಡ ತೊಟ್ಟಿ. ಮೊದಲ ದಿನ ಫೋನಿನಲ್ಲಿ ನನ್ನ ಕಥೆ ಕೇಳಿ, "ಅಯ್ಯ ನನ ತಂಗಿ, ದುಂಡನ ಬಟ್ಟಲ ಅಂದ್ರ ಅದಕ್ಕ ಜೈಲು. ಮೊದಲ ಆ ಬಟ್ಟಲನ್ನ ಉಪ್ಪಿನಕಾಯಿಗೆ ಇಟ್ಕೋ," ಎಂದು ನಕ್ಕರು. ತೊಟ್ಟಿ ಕೊಳ್ಳಲು ಅವರೇ ನನ್ನ ಜೊತೆ ಅಂಗಡಿಗೆ ಬಂದರು.

ಅಲ್ಲಿಂದ ಮೂರು ವರ್ಷ, ಬೆಳಿಗ್ಗೆ ಹತ್ತರ ಸುಮಾರಿಗೆ ಅವರ ಫೋನು ಬರದ ದಿನ ಕಡಿಮೆ. ನಳದ ನೀರನ್ನು ಒಂದು ದಿನ ಬಾಯಿ ತೆರೆದ ಡ್ರಮ್ಮಿನಲ್ಲಿ ಇಟ್ಟು, ಬ್ಲೀಚಿಂಗ್ ವಾಸನೆ ಹೋದ ಮೇಲೇ ಹಾಕಬೇಕು. ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಮಾತ್ರ ಬದಲಿಸಬೇಕು. ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ತೊಳೆಯಬಾರದು, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ಅದರಲ್ಲೇ ಇರುತ್ತವೆ. ಕಾಳು ಆಹಾರವನ್ನು ನೆನೆಸಿ ಹಾಕಬೇಕು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. "ಅದು ಬೇಡತೈತಿ ಅಂತ ನೀ ಹಾಕಬ್ಯಾಡ. ಅದಕ್ಕ ಹೊಟ್ಟಿ ತುಂಬಿದ್ದ ಗೊತ್ತಾಗಂಗಿಲ್ಲ. ನಮ್ಮ ಮನ್ಯಾಗಿನ ಗಂಡಸರಿದ್ದಂಗ," ಎನ್ನುತ್ತಿದ್ದರು. ಮೀನಿನ ಮಾತು ಮುಗಿದ ಮೇಲೆ ಬೇರೆ ಮಾತು ಬರುತ್ತಿದ್ದವು. ಮಕ್ಕಳಾಗಲಿಲ್ಲವೆಂದು ನನ್ನ ಅತ್ತೆ ಆಡಿದ ಮಾತನ್ನು ತವರಿಗೂ ಹೇಳದ ನಾನು ಅಕ್ಕನಿಗೆ ಹೇಳಿದ್ದೆ.

ಮೀನು ಬೆಳೆದವು. ಒರಾಂಡಾ ನನ್ನ ಅಂಗೈಯಷ್ಟಾಯಿತು. "ಎರಡಡಿ ಟ್ಯಾಂಕ್ ಸಾಲಂಗಿಲ್ಲ, ನಾಕ ಅಡಿದು ತಗೋ," ಎಂದು ಅಕ್ಕ ಹೇಳತೊಡಗಿದರು. ನಮ್ಮದು ಬಾಡಿಗೆ ಮನೆ. ಕತ್ತರಿಸುವ ಮೇಜು, ಯಂತ್ರ, ಬಟ್ಟೆಯ ಗಂಟು, ಎಲ್ಲ ಆ ಒಂದೇ ಕೋಣೆಯಲ್ಲಿ. ದೀಪಾವಳಿ ಆಗಲಿ ಎಂದೆ. ಆಮೇಲೆ ಸಂಕ್ರಾಂತಿ ಎಂದೆ. ಮೂರನೆಯ ಸಲ ಅವರು ಹೇಳಿದಾಗ ನಾನು ಸುಮ್ಮನೆ ಹೂಂ ಎಂದೆ.

ಆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ನಮ್ಮ ಓಣಿಗೆ ನಳದ ನೀರು ಬರುವುದು ತಪ್ಪಿತು. ಟ್ಯಾಂಕರಿನವರು ತಂದ ಬೋರಿನ ನೀರು ಹಾಕಿದೆ. ಎರಡು ವಾರ ನೀರು ಬದಲಿಸದೆಯೂ ಬಿಟ್ಟೆ. ಒಂದು ಬೆಳಿಗ್ಗೆ ಒರಾಂಡಾ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಮೂಲೆ ಹಿಡಿದು ಕೂತಿತ್ತು. ಬಾಲದಲ್ಲಿ ಕೆಂಪು ಗೆರೆಗಳು, ತುದಿ ಹರಿದಿತ್ತು. ಫೋನಿನಲ್ಲಿ ಫೋಟೋ ನೋಡಿದ ಅಕ್ಕ, "ತಡಾ ಮಾಡಬ್ಯಾಡ, ತಗೊಂಡ ಬಾ," ಎಂದರು.

ಮುಚ್ಚಳವಿದ್ದ ಬಕೆಟ್ಟಿನಲ್ಲಿ, ಸೆಲ್ಲು ಹಾಕಿದ ಸಣ್ಣ ಗಾಳಿ ಪಂಪು ಇಟ್ಟು, ಮಸ್ಕಿಯಿಂದ ಸಿಂಧನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಕೆಟ್ಟು ಕಾಲುಗಳ ನಡುವೆ. ಕಂಡಕ್ಟರ್ ಮುಚ್ಚಳ ಎತ್ತಿ ನೋಡಿ, "ಇದಕ್ಕೂ ದವಾಖಾನಿ ಐತೇನ್ರಿ?" ಎಂದ. ಐತ್ರಿ ಎಂದೆ, ಹೆಮ್ಮೆಯಿಂದಲೇ. ಅಕ್ಕ ಅದನ್ನು ಬೇರೆ ತೊಟ್ಟಿಗೆ ಬಿಟ್ಟು, ಕಲ್ಲುಪ್ಪು ಅಳೆದು ಕರಗಿಸಿ ಹಾಕಿದರು. "ಇನ್ನ ನನಗ ಬಿಡು. ನೀ ಚಿಂತಿ ಮಾಡಬ್ಯಾಡ."

ಐದು ದಿನ ಸುದ್ದಿ ಬಂತು. ಸ್ವಲ್ಪ ಈಜಿತು, ಬಾಲದ ಕೆಂಪು ಕಡಿಮೆಯಾಯಿತು. ಆರನೆಯ ದಿನ ಅವರ ದನಿ ಸಣ್ಣಗಿತ್ತು. "ಹೋತವ್ವ ತಂಗಿ. ಉಳಸಾಕ ಆಗಲಿಲ್ಲ."

ನಾನು ಅತ್ತದ್ದು ನೋಡಿ ಗಂಡ ಮೊದಲು ನಕ್ಕರು, ಆಮೇಲೆ ಒಂದು ಲೋಟ ನೀರು ತಂದುಕೊಟ್ಟರು. ಎರಡು ದಿನ ಬಿಟ್ಟು ಸಿಂಧನೂರಿಗೆ ಹೋದೆ. ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಕರಿಬೇವಿನ ಗಿಡದ ಬುಡ ತೋರಿಸಿದರು. ಹೊಸದಾಗಿ ಕೆದರಿದ ಮಣ್ಣು. ನಾನು ಮುಡಿಯಲ್ಲಿದ್ದ ಮಲ್ಲಿಗೆ ಬಿಚ್ಚಿ ಅಲ್ಲಿ ಇಟ್ಟೆ. "ನನ್ನ ತಪ್ಪಿನಿಂದ ಸತ್ತತ್ರಿ ಅಕ್ಕಾರ," ಎಂದೆ. ಅವರು ನನ್ನ ಬೆನ್ನು ಸವರಿದರು. ಇಲ್ಲ ಎನ್ನಲಿಲ್ಲ. ಒಳಗೆ ಬಂದು ಚಹಾ ಕೊಟ್ಟರು. ಮೂಲೆಯ ತೊಟ್ಟಿಗೆ ಚಾದರ ಹೊದಿಸಿದ್ದರು. ಔಷಧಿ ಹಾಕ್ಯಾರ, ಬೆಳಕು ಬೀಳಬಾರದಂತ ಎಂದುಕೊಂಡೆ. ನಾನಾಗಿ ಕೇಳಲೂ ಇಲ್ಲ.

ಮರುವರ್ಷ ಲಿಂಗಸುಗೂರಿನಿಂದ ಮದುವೆಯ ಬ್ಲೌಸುಗಳ ಕೆಲಸ ಬಂತು. ಯಾರೋ ನನ್ನ ಕೈಕೆಲಸ ನೋಡಿ ಹೇಳಿದ್ದರಂತೆ. ಮದುಮಗಳ ಅಳತೆ ತೆಗೆಯಲು ನಾನೇ ಹೋದೆ. ಹೊಸ ಮನೆ. ಪಡಸಾಲೆಯ ಒಂದು ಗೋಡೆಗೆ ನಾಲ್ಕಡಿಯ ತೊಟ್ಟಿ, ನೀರು ಕನ್ನಡಿಯಂತೆ. ಮೀನು ಕಂಡ ಕೂಡಲೇ ಹತ್ತಿರ ಹೋಗುವುದು ನನ್ನ ಚಾಳಿ. ಹೋದೆ. ಹಿಂದಿನಿಂದ ಕಿತ್ತಳೆ ಒರಾಂಡಾ ಒಂದು ತೇಲಿ ಬಂತು. ಎಡಗಣ್ಣಿನ ಮೇಲೆ ಕಾಡಿಗೆಯ ಮಚ್ಚೆ. ಬಾಲದ ತುದಿ ಹರಿದು ಮತ್ತೆ ಬೆಳೆದ ಕಡೆ, ತೇಪೆ ಹಾಕಿದ ಬಟ್ಟೆಯಂತೆ, ತೆಳ್ಳಗೆ ಬಿಳುಪು.

ಇಂಥ ಮಚ್ಚೆಯ ಮೀನು ಇನ್ನೊಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಟೇಪು ಬಿಚ್ಚಿಕೊಂಡು ಮದುಮಗಳ ಕಡೆ ತಿರುಗಿದೆ.

"ಎಲ್ಲಿಂದ ತಂದೀರವ್ವ ಇದನ್ನ?" ಎಂದು ಹುಡುಗಿಯನ್ನು ಕೇಳಿದೆ.

"ನಮ್ಮ ದೊಡ್ಡವ್ವ ಕೊಟ್ಟಾಳ್ರಿ, ಸಿಂಧನೂರಾಗ ಇರತಾಳ. ಹೋದ ವರ್ಷ ಬ್ಯಾಸಿಗ್ಯಾಗ ಗೃಹಪ್ರವೇಶಕ್ಕ ತಂದಿದ್ಲು. ಸಣ್ಣ ಮರಿ ಇದ್ದಾಗಿಂದ ತಾನ ಜ್ವಾಕಿ ಮಾಡ್ಯಾಳಂತ್ರಿ."

ದೊಡ್ಡವ್ವನ ಗಂಡ ಏನು ಮಾಡುತ್ತಾರೆ ಎಂದು ಕೇಳಿದೆ. ಔಷಧಿ ಅಂಗಡಿ ಎಂದಳು.

ಅಳತೆ ತೆಗೆದೆ. ಎದೆ, ಸೊಂಟ, ತೋಳು, ಎಲ್ಲ ಸರಿಯಾಗಿ ಬರೆದುಕೊಂಡೆ. ಅವಳ ತಾಯಿ ಕೊಟ್ಟ ಉಪ್ಪಿಟ್ಟನ್ನೂ ತಿಂದೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತ ಮೇಲೆ ಮಾತ್ರ ಮೈಯೆಲ್ಲ ಉರಿಯತೊಡಗಿತು. ಒಂದು ವರ್ಷ ನಾನು ಆ ಮೀನನ್ನು ಕೊಂದವಳೆಂದು ತಿಳಿದೇ ಬದುಕಿದ್ದೆ. ಅಕ್ಕ ದಿನಾ ಬೆಳಿಗ್ಗೆ ಫೋನು ಮಾಡುತ್ತಲೇ ಇದ್ದರು.

ಮಸ್ಕಿಯಲ್ಲಿ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ಸಿಂಧನೂರಿಗೆ ಹೋದೆ. ಅಕ್ಕ ಬಾಗಿಲು ತೆಗೆದು, "ಏನ ತಂಗಿ, ಹೇಳದಾಂಗ ಬಂದಿ?" ಎಂದರು.

"ಲಿಂಗಸುಗೂರಾಗ ನನ್ನ ಮೀನ ನೋಡಿ ಬಂದೀನ್ರಿ."

"ಯಾವ ಮೀನ?"

ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವರ ಮುಖ ನೋಡುತ್ತ ನಿಂತೆ. ಅವರು ಕುರ್ಚಿಯ ಮೇಲೆ ಕೂತರು.

"ನಿನ್ನ ಕಡೆ ಕಳಿಸಿದ್ರ ಖರೇನ ಸಾಯ್ತಿತ್ತು. ದೊಡ್ಡ ಟ್ಯಾಂಕ್ ತಗೋ ಅಂತ ಮೂರ ಸಲ ಹೇಳೀನಿ. ಕೇಳಿದೇನ? ಅಲ್ಲಿ ಆರಾಮ ಐತಿ, ನೋಡಿ ಬಂದಿಯಲ್ಲ?"

"ನೋಡೀನ್ರಿ. ಆರಾಮ ಐತಿ. ನನಗ ಬೈಬೇಕಿತ್ತು ನೀವು. ಕೊಡಂಗಿಲ್ಲ ಹೋಗು ಅನಬೇಕಿತ್ತು. ಸತ್ತೈತಿ ಅಂತ ಯಾಕ ಅಂದ್ರಿ?"

"ಬದಕೈತಿ ಅಂದಿದ್ರ ನೀ ಬಿಡ್ತಿದ್ದೇನ? ಅಳಕೋಂತ ಒಯ್ತಿದ್ದಿ."

"ಮತ್ತ ನಾನ ಸಾಕೀನಿ ಅಂತ ಆ ಹುಡುಗಿಗೆ ಹೇಳೀರಲ್ಲ?"

ಅಕ್ಕ ಎದ್ದರು. ಸೆರಗಿನಿಂದ ತೊಟ್ಟಿಯ ಗಾಜು ಒರೆಸತೊಡಗಿದರು, ಅದು ಸ್ವಚ್ಛವಾಗಿಯೇ ಇತ್ತು.

"ಕರಿಬೇವಿನ ಬುಡಕ ಏನಿತ್ರಿ ಅಕ್ಕಾರ?"

"ಏನಿಲ್ಲ. ಬರೇ ಮಣ್ಣು."

ನನ್ನ ಕಣ್ಣೆದುರೇ ಈಗಲೂ ಬರುವುದು ಅದೇ. ಮೀನು ಕೊಟ್ಟದ್ದನ್ನು ಎಂದಾದರೂ ಮರೆತೇನು. ದೊಡ್ಡ ತೊಟ್ಟಿಯ ವಿಷಯದಲ್ಲಿ ಅವರು ಹೇಳಿದ್ದು ನಿಜ, ಅದನ್ನೂ ಒಪ್ಪುತ್ತೇನೆ. ಆದರೆ ನಾನು ಬರುತ್ತೇನೆಂದು ಗೊತ್ತಾಗಿ ಅವರು ಹಿತ್ತಿಲಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಬರಿ ಮಣ್ಣನ್ನು ಕೆದರಿದ್ದರು. ನಾನು ಹೂವಿಟ್ಟು ಅಳುವಾಗ ಪಕ್ಕದಲ್ಲಿ ನಿಂತು ಬೆನ್ನು ಸವರಿದ್ದರು. ಚಾದರದ ಕೆಳಗೆ ಅದು ಈಜುತ್ತಿತ್ತು.

ಚಹಾ ಕುಡಿ ಎಂದರು. ಬ್ಯಾಡ್ರಿ ಎಂದು ಹೊರಬಿದ್ದೆ. ಮರುದಿನ ಹತ್ತಕ್ಕೆ ಫೋನು ಬಂತು. ಎತ್ತಲಿಲ್ಲ. ವಾರದ ಮೇಲೆ ಬರುವುದು ನಿಂತಿತು.

ಬ್ಲೌಸುಗಳನ್ನು ಹೇಳಿದ ದಿನಕ್ಕೆ ಹೊಲಿದು ಕೊಟ್ಟೆ. ಆ ಹುಡುಗಿಗಾಗಲಿ ಅವಳ ತಾಯಿಗಾಗಲಿ ಏನೂ ಹೇಳಲಿಲ್ಲ. ಮದುವೆಯ ಮನೆಯಲ್ಲಿ ನಿಂತು ಮೀನಿಗಾಗಿ ಜಗಳ ಆಡುವವಳು ನಾನಲ್ಲ. ಗಂಡ ಮಾತ್ರ, "ನಡೀ, ಹೋಗಿ ತರೂಣು," ಎಂದರು. ಎಲ್ಲಿಗೆ ತರುವುದು, ಅದೇ ಎರಡಡಿಗೆ? ಕಪ್ಪು ಮೀನು ಅದರಲ್ಲಿ ಈಗ ಒಂದೇ ಇದೆ, ಅದಕ್ಕೆ ಅಷ್ಟು ಜಾಗ ಸಾಕಾಗಿದೆ.

ಚಳಿಗಾಲದಲ್ಲಿ ಒಂದು ದಿನ ಲಿಂಗಸುಗೂರಿನಿಂದ ಹುಡುಗಿಯ ತಾಯಿ ಫೋನು ಮಾಡಿದರು. ಮೀನು ಹೊಟ್ಟೆ ಮೇಲಾಗಿ ತೇಲುತ್ತಿದೆಯಂತೆ. "ನಮ್ಮಕ್ಕ ಫೋನ್ ಎತ್ತವಲ್ಲಳು. ನಿಮ್ಮ ಮನ್ಯಾಗೂ ಮೀನ ಅದಾವ ಅಂದಿದ್ರಲ್ರಿ, ಏನ ಮಾಡಬೇಕ್ರಿ?"

ಹೊಟ್ಟೆ ಕಟ್ಟಿರಬೇಕು, ಎರಡು ದಿನ ಏನೂ ಹಾಕಬೇಡಿ ಎಂದೆ. ಮೂರನೆಯ ದಿನ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಹಿಸುಕಿ, ಒಂದೇ ಕಾಳಿನಷ್ಟು ಕೊಡಿ. ಒಣ ಆಹಾರವನ್ನು ನೆನೆಸದೆ ಹಾಕಬೇಡಿ, ಆ ಮೀನು ಗಬಗಬ ನುಂಗುವುದು ಜಾಸ್ತಿ ಎಂದೆ.

"ನಮ್ಮ ಮೀನ ಹಂಗ ನುಂಗತೈತಿ ಅಂತ ನಿಮಗ ಹೆಂಗ ಗೊತ್ತ್ರಿ?" ಎಂದು ನಕ್ಕರು.

ಒರಾಂಡಾಗಳೆಲ್ಲ ಹಂಗ ಇರತಾವ್ರಿ ಎಂದೆ.

ನಾಲ್ಕನೆಯ ದಿನ ವಿಡಿಯೋ ಕಳಿಸಿದರು. ನೇರವಾಗಿ ಈಜುತ್ತಿತ್ತು, ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತಿತ್ತು. ಎರಡು ಸಲ ನೋಡಿದೆ. ಆರಾಮ ಆತಲ್ರಿ, ಛಲೋ ಆತು ಎಂದು ಬರೆದು, ಫೋನು ಮಡಚಿಟ್ಟ ಬಟ್ಟೆಗಳ ಮೇಲಿಟ್ಟು, ಪಾಮನಕಲ್ಲೂರಿನವರ ಬ್ಲೌಸಿಗೆ ಹುಕ್ಕು ಹಚ್ಚಲು ಕೂತೆ.