ಹಣೆಯ ಮೇಲಿನ ಕ್ಯಾಮೆರಾ

ಬಸ್ ನಿಲ್ದಾಣದ ವಿಚಾರಣೆ ಕಿಂಡಿಯ ಹಿಂದೆ ಕೂರುವ ಹೆಂಗಸನ್ನು ಎಲ್ಲರೂ ವಿಚಾರಣೆ ಅಕ್ಕ ಎಂದೇ ಕರೆಯುತ್ತಿದ್ದರು. ಡ್ರೈವರುಗಳು, ಕಂಡಕ್ಟರುಗಳು, ನೆಲ ಗುಡಿಸುವವರು, ಕೊನೆಕೊನೆಗೆ ಮೇಲಧಿಕಾರಿಯೂ. ಕಿಂಡಿಗೆ ಗಾಜು, ಗಾಜಿಗೆ ಅಂಗೈ ಅಗಲದ ದುಂಡು ತೂತು, ತೂತಿನ ಆಚೆ ದಿನವಿಡೀ ಆತುರದ ಮುಖಗಳು. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾವುದು ಇವತ್ತು ಹೊರಡುವುದೇ ಇಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಪಟ್ಟಿ ನೋಡಿ ಹೇಳಿದ್ದನ್ನು ಯಾರೂ ಕಂಡಿರಲಿಲ್ಲ.

ಈಚೆಗೆ ಅವಳದೊಂದು ದೂರು. ಜನ ಒಂದೇ ಮಾತನ್ನು ಎರಡೆರಡು ಸಲ ಕೇಳುತ್ತಾರೆ. ಬಸ್ಸಿದೆಯಾ ಎನ್ನುತ್ತಾರೆ, ಇದೆ ಎನ್ನುತ್ತಾಳೆ. ಅವಳ ಮುಖವನ್ನೇ ನೋಡುತ್ತ, ಇದೆಯಾ ಇಲ್ಲವಾ ಎಂದು ಮತ್ತೆ ಕೇಳುತ್ತಾರೆ. ಕೆಲವರಂತೂ ಇದೆ ಎಂದ ಮೇಲೂ ಮುಖ ಸಣ್ಣದು ಮಾಡಿಕೊಂಡು ಬ್ಯಾಗು ಎತ್ತಿಕೊಂಡು ಹೊರಟೇ ಹೋಗುತ್ತಾರೆ.

“ಕಂಬಕ್ಕೆ ಹೇಳಿದ್ರೆ ಕಂಬಾನಾದ್ರೂ ಕೇಳುತ್ತೆ,” ಎಂದು ಅವಳು ಮನೆಯಲ್ಲಿ ಗೊಣಗಿದಾಗ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ತಟ್ಟೆಯಿಂದ ತಲೆಯೆತ್ತದೆ, ಗಾಜು ದಪ್ಪ ಇರಬೇಕು ಎಂದಿದ್ದ. ಮೊದಲೆಲ್ಲ ಮಾತಾಡುವಾಗ ಹೆಂಡತಿಯ ಮುಖವನ್ನೇ ನೋಡುತ್ತಿದ್ದ ಮನುಷ್ಯ ಈಗೀಗ ಅವಳ ಕೈಗಳನ್ನು ನೋಡುತ್ತ ಮಾತಾಡುತ್ತಿದ್ದ. ವಯಸ್ಸಾದ ಮೇಲೆ ನಾಚಿಕೆ ಬಂತೇನೋ ಎಂದು ಅವಳು ನಕ್ಕು ಸುಮ್ಮನಾಗಿದ್ದಳು.

ನೋಡಬೇಕಾದ ಕೈಗಳೇ ಅವು. ಸಂಜೆ ಕೆಲಸ ಮುಗಿಸಿ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಕಾಗದ ಕತ್ತರಿಸುತ್ತಿದ್ದಳು. ನಿಲ್ದಾಣದಲ್ಲಿ ರದ್ದಾದ ವೇಳಾಪಟ್ಟಿಯ ಹಾಳೆಗಳೇ ಅವಳ ಬಂಡವಾಳ. ಎಂಟು ಮಡಿಕೆ ಮಡಚಿ, ಗೀಟು ಹಾಕದೆ, ಕತ್ತರಿಯ ತುದಿಯಲ್ಲೇ ಚಿತ್ರ ಹುಡುಕುವುದು. ಬಿಚ್ಚಿದರೆ ಬಳ್ಳಿ, ಬಳ್ಳಿಯ ನಡುವೆ ಹಕ್ಕಿ, ಹಕ್ಕಿಯ ರೆಕ್ಕೆಯ ಮೇಲೆ ಎಂದೋ ನಿಂತುಹೋದ ಬಸ್ಸೊಂದು ಹೊರಡುವ ಹೊತ್ತು.

ಇದನ್ನು ಕಲಿಸಿದ್ದು ಅಮ್ಮ. ಎದುರು ಕೂರಿಸಿಕೊಂಡಲ್ಲ, ಮಡಿಲಲ್ಲಿ ಕೂರಿಸಿಕೊಂಡು. ಎದುರಿನಿಂದ ನೋಡಿದವರಿಗೆ ಎಡ ಬಲವಾಗಿ, ಒಳಮಡಿಕೆ ಹೊರಮಡಿಕೆಯಾಗಿ ಎಲ್ಲ ಅಯೋಮಯ. ಹಿಂದಿನಿಂದ ಸುತ್ತಿ ಬಂದ ಅಮ್ಮನ ತೋಳುಗಳ ನಡುವೆ ಕೂತು, ಅಮ್ಮನ ಕಣ್ಣು ನೋಡಿದ್ದನ್ನೇ ನೋಡಿ ಕಲಿತ ವಿದ್ಯೆ ಅದು. “ಕತ್ತರಿ ನಿಲ್ಲಬೇಕು, ಕಾಗದ ತಿರುಗಬೇಕು,” ಎನ್ನುತ್ತಿದ್ದಳು ಅಮ್ಮ, ಗಲ್ಲವನ್ನು ಮಗಳ ನೆತ್ತಿಯ ಮೇಲೆ ಊರಿ.

ಹದಿಮೂರು ವರ್ಷ ಕಿರಿಯಳಾದ ತಂಗಿಗೆ ಆ ಮಡಿಲು ಸಿಕ್ಕಿರಲಿಲ್ಲ. ಅವಳು ಕಲಿಯುವ ವಯಸ್ಸಿಗೆ ಬರುವಷ್ಟರಲ್ಲಿ ಅಮ್ಮ ಕತ್ತರಿ ಕೆಳಗಿಟ್ಟಾಗಿತ್ತು. ಯಾಕೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಹೋಗಿದ್ದವಳು, ಅಮ್ಮನ ಕಣ್ಣು ಮಂಜಾಗಿರಬೇಕೆಂದುಕೊಂಡಿದ್ದಳು. ಈಗ ಎರಡು ಬೀದಿ ಆಚೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ತಂಗಿ ಬಂದಾಗಲೆಲ್ಲ ಒಂದೇ ವರಾತ: “ನಿನ್ನ ಕೈಯಲ್ಲೇ ಇದು ಮುಗಿದುಹೋಗುತ್ತೆ ಅಕ್ಕಾ. ವಿಡಿಯೋ ಮಾಡಿಡು. ಕಲಿಯೋರು ಎಲ್ಲಿದ್ದಾರೋ ಯಾರಿಗೆ ಗೊತ್ತು.”

ಆ ಮಾತು ಅಕ್ಕನಿಗೆ ತಟ್ಟಿತ್ತು. ಡಬ್ಬಿಗಳನ್ನು ಪೇರಿಸಿ ಅವುಗಳ ಮೇಲೆ ಫೋನು ಇಟ್ಟು ನೋಡಿದರು. ಅಕ್ಕ ಕೆಲಸಕ್ಕೆ ಬಗ್ಗಿದ ಕೂಡಲೇ ಅವಳ ಬೈತಲೆಯೊಂದೇ ಕಾಣುತ್ತಿತ್ತು. ಎದುರಿಗಿಟ್ಟರೆ ಎಲ್ಲ ತಿರುಗುಮುರುಗು. ಗಂಡನ ಕೈಗೆ ಕೊಟ್ಟರೆ ಅವನು ತೂಕಡಿಸಿ, ಅರ್ಧ ಪಾಠದ ತುಂಬ ಫ್ಯಾನು ತಿರುಗುತ್ತಿತ್ತು. ಕೊನೆಗೆ ತಂಗಿಯೇ ಉಪಾಯ ಹೇಳಿದಳು. ಸೈಕಲ್ಲಿನವರು, ಬೆಟ್ಟ ಹತ್ತುವವರು ಹಣೆಗೆ ಕಟ್ಟಿಕೊಳ್ಳುವ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಬರುತ್ತದಲ್ಲ, ಅದು. ಎರಡೂ ಕೈ ಬಿಡುವು, ಕಣ್ಣು ಕಂಡದ್ದೇ ಚಿತ್ರ. ಮುಖವಂತೂ ಕಾಣುವುದೇ ಇಲ್ಲ. ಈ ಕೊನೆಯ ಮಾತನ್ನು ತಂಗಿ ಎರಡು ಸಲ ಹೇಳಿದ್ದು ಅಕ್ಕನಿಗೆ ನೆನಪಾದದ್ದು ಆಮೇಲೆ.

ರಜೆಯ ದಿನ ಇಬ್ಬರೂ ಕ್ಯಾಮೆರಾ ಅಂಗಡಿಗೆ ಹೋದರು. ಗೋಡೆಯ ತುಂಬ ಅಲೆಯ ಮೇಲೆ ಜಾರುವವರ, ಬಂಡೆಯಿಂದ ಹಾರುವವರ ಚಿತ್ರಗಳು. ಅಂಗಡಿಯ ಹುಡುಗಿಯ ಮೊಣಕೈಗೆ ಬ್ಯಾಂಡೇಜು. ಅವಳೂ ಸೈಕಲ್ಲಿನಿಂದ ಬೀಳುವವಳೇ ಇರಬೇಕು. ಈಜಿಗಾ, ಬೈಕಿಗಾ ಎಂದು ಕೇಳಿದಳು.

“ಕತ್ತರಿಗೆ,” ಎಂದಳು ಅಕ್ಕ.

ಹುಡುಗಿ ನಗಲಿಲ್ಲ. ಎಲ್ಲ ಬಿಡಿಸಿ ಕೇಳಿಕೊಂಡಳು. ಅಕ್ಕ ಚೀಲದಿಂದ ಒಂದು ತುಂಡು ದಾರ ತೆಗೆದು ಗಾಜಿನ ಮೇಲಿಟ್ಟಳು. ಹಣೆಯಿಂದ ಕತ್ತರಿಯ ತುದಿಯವರೆಗೆ ಮನೆಯಲ್ಲೇ ಅಳೆದು ಕತ್ತರಿಸಿ ತಂದದ್ದು. ಹುಡುಗಿಗೆ ಆ ದಾರ ಹಿಡಿಸಿಬಿಟ್ಟಿತು. ಈ ಕ್ಯಾಮೆರಾಗಳು ದೂರದ್ದನ್ನು ನೋಡಲು ಹುಟ್ಟಿದವು, ತೀರಾ ಹತ್ತಿರದ್ದು ಮಂಜಾಗುತ್ತದೆ, ಹಾಗಾಗಿ ಹಾರುವವರಿಗಿಂತ ನಿಮಗೆ ಆರಿಸುವುದೇ ಕಷ್ಟ ಎಂದಳು. ಮೊದಲನೆಯದು ದಾರದಳತೆಯಲ್ಲಿ ಮಬ್ಬು ತೋರಿಸಿತು, ಮೇಲಾಗಿ ಹಣೆಯ ಮೇಲೆ ಇಟ್ಟಿಗೆ ಕಟ್ಟಿಕೊಂಡಷ್ಟು ಭಾರ. ಎರಡನೆಯದು ಎಷ್ಟು ಅಗಲಕ್ಕೆ ನೋಡುತ್ತಿತ್ತೆಂದರೆ, ಹಾಳೆಯ ನೆಟ್ಟನೆಯ ಅಂಚು ಬಿಲ್ಲಿನ ಹಾಗೆ ಬಾಗಿತ್ತು. ಮೂರನೆಯದು ಹೆಬ್ಬೆರಳಿನ ಗಾತ್ರದ್ದು. ಪಟ್ಟಿ ಬಿಗಿದು ಹಣೆಗೆ ಕಟ್ಟಿಕೊಂಡು ಅಕ್ಕ ಒಂದು ಎಲೆ ಕತ್ತರಿಸಿದಳು. ಮೂವರೂ ಪರದೆಗೆ ಬಗ್ಗಿ ನೋಡಿದರು.

ಎಲೆ ಸ್ಪಷ್ಟವಾಗಿತ್ತು, ಅಂಚು ನೆಟ್ಟಗಿತ್ತು. ಆದರೆ ಚಿತ್ರ ನಿಲ್ಲಲೊಲ್ಲದು. ಕೈ, ಕಾಗದ, ಗಾಜಿನ ಮೇಜು ಎಲ್ಲವೂ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಸಣ್ಣಗೆ, ಬಿಡದೆ ಅಲುಗುತ್ತಿತ್ತು.

“ಇದು ಕೆಟ್ಟಿದೆ,” ಎಂದಳು ಅಕ್ಕ.

ಹುಡುಗಿ ಅದನ್ನು ತನ್ನ ಹಣೆಗೆ ಕಟ್ಟಿಕೊಂಡು ತೆಗೆದಳು. ಮೇಜು ಕಲ್ಲಿನ ಹಾಗೆ ನಿಂತಿತ್ತು. ಪಟ್ಟಿ ಸಡಿಲವಿತ್ತೇನೋ ಎಂದು ಅಕ್ಕ ಮತ್ತೆ ಕಟ್ಟಿಕೊಂಡಳು, ಉಸಿರು ಬಿಗಿ ಹಿಡಿದು ಕೂತಳು. ಮತ್ತೆ ಎಡಕ್ಕೆ, ಬಲಕ್ಕೆ. ಹುಡುಗಿ ಮೆಲ್ಲಗೆ, ಅಲುಗಾಟ ತಡೆಯೋದು ಇದರಲ್ಲೇ ಇದೆ ಮೇಡಂ, ಆನ್ ಮಾಡಿದ್ರೆ ಸಾಕು ಎಂದಳು. ತಂಗಿ ಅವಸರದಿಂದ, “ಹಾಂ, ಅದೇ ಸಾಕು. ಇದನ್ನೇ ಕೊಡಿ. ಈಗ ತೆಗೆದದ್ದನ್ನ ಅಳಿಸಿಬಿಡಿ,” ಎಂದಳು.

ಆ ಅವಸರವೇ ಎಲ್ಲ ಹೇಳಿತು. ಅಕ್ಕ ತಂಗಿಯ ಕಡೆ ತಿರುಗಿದಳು.

“ನಿನಗೆ ಗೊತ್ತಿತ್ತಾ?”

ತಂಗಿ ಗಾಜಿನ ಮೇಲಿದ್ದ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಳು.

“ಎಲ್ಲರಿಗೂ ಗೊತ್ತಾ?”

ಅಕ್ಕ ಪಟ್ಟಿ ಬಿಚ್ಚಿಟ್ಟು, ಅದನ್ನ ಅಳಿಸಬೇಡಮ್ಮ, ಇರಲಿ ಎಂದು ಹುಡುಗಿಗೆ ಹೇಳಿ ಮೆಟ್ಟಿಲಿಳಿದಳು. ಕ್ಯಾಮೆರಾ ಕೊಳ್ಳಲಿಲ್ಲ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತಲೆಯೂ ಹಾಗೆಯೇ ಎಂದು ಅವಳಿಗೆ ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತಾಗೆಲ್ಲ ಒಂದು ಕೈ ಕೂದಲು ಹಿಡಿದಿರುತ್ತಿತ್ತು, ಇಲ್ಲವೇ ಗಲ್ಲ ಮುಟ್ಟಿರುತ್ತಿತ್ತು. ಆ ರಾತ್ರಿ ಎರಡೂ ಕೈ ಇಳಿಬಿಟ್ಟು ನಿಂತು ನೋಡಿದಳು. ಕನ್ನಡಿಯೊಳಗಿನ ಹೆಂಗಸು ಮೆಲ್ಲಗೆ ತಲೆಯಾಡಿಸುತ್ತ, ಯಾರೂ ಏನೂ ಕೇಳದಿದ್ದರೂ, ಬೇಡ ಬೇಡ ಎನ್ನುತ್ತಿದ್ದಳು. ಬಸ್ಸು ಇದೆ ಎಂದು ಬಾಯಿ ಹೇಳುತ್ತಿದ್ದಾಗ ಗಾಜಿನಾಚೆಯವರು ನೋಡುತ್ತಿದ್ದುದು ಇದನ್ನು. ಮುಖ ಸಣ್ಣದು ಮಾಡಿಕೊಂಡು ಹೊರಟುಹೋದವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಅವರು ಯಾವ ಯಾವ ಬಸ್ಸು ತಪ್ಪಿಸಿಕೊಂಡರೋ.

ಗಂಡ ಬಾಗಿಲಲ್ಲಿ ನಿಂತಿದ್ದ. ಹೇಳೋಣ ಅಂತಲೇ ಇದ್ದೆ, ನಿನ್ನ ತಂಗಿ ಬೇಡ ಅಂದಳು ಎಂದ. ಅವಳು ದೀಪ ಆರಿಸಿ ಮಲಗಿದಳು.

ಮರುದಿನ ಸಂಜೆ ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತು. ಅದರ ಮರುದಿನವೂ. ಕತ್ತರಿ ತಗಡಿನ ಡಬ್ಬಿಯಲ್ಲೇ ಉಳಿಯಿತು. ತಂಗಿ ದಿನಾ ಒಂದೊಂದು ನೆಪ ಹೇಳಿಕೊಂಡು ಬಂದು, ಅಕ್ಕನನ್ನಲ್ಲ, ಆ ಡಬ್ಬಿಯನ್ನು ನೋಡಿಕೊಂಡು ಹೋಗುತ್ತಿದ್ದಳು.

ಅವಳೇ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಅಕ್ಕನ ಕೈ ಚಾಚಿಸಿ, ನಡೆಸಿ, ಬರೆಸಿ ನೋಡಿ, ಜೀವಕ್ಕೇನೂ ಭಯವಿಲ್ಲ, ಮಾತ್ರೆಯಿಂದ ಒಂದಿಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆಂದು ಹೇಳಲಾರೆ ಎಂದರು. ಇಂಥದ್ದು ವಂಶದಲ್ಲಿ ಬರುವುದುಂಟು, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅಕ್ಕ ಇಲ್ಲ ಎಂದಳು. ಅದೇ ಹೊತ್ತಿಗೆ ತಂಗಿ ಹೇಳಿದಳು:

“ಅಮ್ಮನಿಗಿತ್ತು.”

ಹೊರಗಿನ ಬೆಂಚಿನ ಮೇಲೆ ಕೂತು ತಂಗಿ ಉಳಿದದ್ದನ್ನು ಹೇಳಿದಳು. ಒಂದು ದಿನ ಚಿಕ್ಕಪ್ಪ ಊಟಕ್ಕೆ ಬಂದಿದ್ದ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸಡಿಲ. ಅನ್ನ ಬಡಿಸುತ್ತಿದ್ದ ಅಮ್ಮನನ್ನು ನೋಡಿ, ಏನತ್ತಿಗೆ, ಹಾಕೋದೂ ನೀವೇ ಬೇಡ ಅನ್ನೋದೂ ನೀವೇ ಎಂದು ತಲೆಯಾಡಿಸಿ ತೋರಿಸಿದ. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ಒಳಗೆ ಹೋಗಿ ಕನ್ನಡಿ ನೋಡಿಕೊಂಡವಳು, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ಮತ್ತೆಂದೂ ತೆಗೆಯಲಿಲ್ಲ. ಅಕ್ಕ ತವರಿಗೆ ಬಂದಾಗಲೆಲ್ಲ ಗೋಡೆಗೆ ತಲೆಯಾನಿಸಿಯೇ ಕೂರುತ್ತಿದ್ದಳು.

“ನಂಗಿನ್ನೂ ಆರು ವರ್ಷ. ಕಲಿಸಿಕೊಡು ಅಂತ ಅತ್ತೆ. ಕೈ ನಿಲ್ಲಲ್ಲ ಮಗು ಅಂದಳು. ಅವಳ ಕೈ ನೆಟ್ಟಗೇ ಇತ್ತು ಅಕ್ಕಾ. ಕೈಗೇನೂ ಆಗಿರಲಿಲ್ಲ,” ಎಂದಳು ತಂಗಿ. “ನೀನೂ ಹಂಗೇ ಇಟ್ಟುಬಿಡ್ತೀಯ ಅಂತ ನಾನು ಎಲ್ಲರ ಬಾಯಿ ಹೊಲಿದೆ.”

ತಂಗಿಯ ಮೇಲೆ ಸಿಟ್ಟು ಇನ್ನೂ ಇತ್ತು. ಆದರೆ ಅದನ್ನು ಎಲ್ಲಿಡಬೇಕೆಂದು ಈಗ ತಿಳಿಯಲಿಲ್ಲ.

ಕಿಂಡಿಯ ಹಿಂದೆ ಅವಳು ಈಗ ಎಚ್ಚರದಿಂದ ಕೂರುತ್ತಿದ್ದಳು. ಕತ್ತು ಬಿಗಿ ಹಿಡಿದರೆ ಅಲುಗಾಟ ಹೆಚ್ಚೇ ಆಗುತ್ತಿತ್ತು. ಒಂದು ಮಧ್ಯಾಹ್ನ, ಜನ ಕಡಿಮೆಯಿದ್ದಾಗ, ಆಯಾಸಕ್ಕೆ ಗಲ್ಲವನ್ನು ಅಂಗೈಯಲ್ಲಿ ಊರಿ ಕೂತಿದ್ದಳು. ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು ಬಂದು ತನ್ನೂರಿನ ಬಸ್ಸಿದೆಯಾ ಎಂದಳು. ಅಕ್ಕ ಹಾಗೇ ಕೂತಲ್ಲಿಂದಲೇ ಇದೆ, ಮೂರನೆಯ ಅಂಕಣ ಎಂದಳು. ಹೆಂಗಸು ಸರಿ ಎಂದು ಮೂರನೆಯ ಅಂಕಣದ ಕಡೆ ನಡೆದಳು. ಎರಡನೆಯ ಸಲ ಕೇಳಲಿಲ್ಲ.

ಅಕ್ಕ ಗಾಜಿನಲ್ಲಿದ್ದ ತನ್ನ ನೆರಳನ್ನು ನೋಡಿದಳು. ಗಲ್ಲ ಅಂಗೈ ಮೇಲಿತ್ತು, ತಲೆ ನಿಂತಿತ್ತು. ಕೈ ತೆಗೆದಳು, ತಲೆ ಅಲುಗಿತು. ಮತ್ತೆ ಊರಿದಳು, ನಿಂತಿತು.

ಆಗ ನೆತ್ತಿಯ ಮೇಲೆ ಹಳೆಯದೊಂದು ಭಾರ ಬಂದು ಕೂತ ಹಾಗಾಯಿತು. ಅಮ್ಮನ ಗಲ್ಲ. ಕಾಗದ ತಿರುಗುವ ಹೊತ್ತಿನಲ್ಲೆಲ್ಲ ಅದು ಅಲ್ಲಿರುತ್ತಿತ್ತು. ಊರುವ ಮುಂಚೆ ಕೂದಲಿನ ಮೇಲೆ ಒಂದು ಸಣ್ಣ ಉಜ್ಜಾಟ, ಆಮೇಲೆ ನಿಶ್ಚಲ. ಅದು ಮುದ್ದು ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಮುದ್ದೂ ಹೌದು. ಅಮ್ಮನಿಗೆ ತನ್ನ ತಲೆ ಅಲುಗುವುದು ಗೊತ್ತಿರಲಿಲ್ಲ. ಅದನ್ನು ಎಲ್ಲಿ ಊರಿದರೆ ನಿಲ್ಲುತ್ತದೆ ಎಂಬುದು ಮಾತ್ರ ಮೈಗೆ ಗೊತ್ತಿತ್ತು.

ಕೆಲಸ ಮುಗಿದ ಮೇಲೆ ಅವಳು ಒಬ್ಬಳೇ ಅಂಗಡಿಗೆ ಹೋದಳು. ಹೆಬ್ಬೆರಳಿನ ಗಾತ್ರದ ಆ ಮೂರನೆಯದನ್ನೇ ಕೇಳಿದಳು. ಹುಡುಗಿ, ಅಲುಗಾಟ ತಡೆಯೋದನ್ನ ಆನ್ ಮಾಡಿಯೇ ಕೊಡ್ತೀನಿ, ನೀವು ಮುಟ್ಟೋದೇ ಬೇಡ ಎಂದಳು. ಅಕ್ಕ ಒಪ್ಪಲಿಲ್ಲ. ಒಬ್ಬಳೇ ಕೂತು ಮಾಡುವ ದಿನ ಅದು ಬೇಕೇ ಬೇಕು, ಕಲಿಯುವವರ ಕಣ್ಣು ನೋಯಬಾರದಲ್ಲ. ಆದರೆ ಹಾಕೋದೂ ತೆಗೆಯೋದೂ ಎರಡೂ ಕಲಿಸಿಕೊಡು ಎಂದಳು. ಹುಡುಗಿ ಕಲಿಸಿದಳು, ದಾರವನ್ನೂ ಹುಡುಕಿ ವಾಪಸು ಕೊಟ್ಟಳು.

ಮರುದಿನ ತಂಗಿ ಬಂದಾಗ ಡಬ್ಬಿ ತೆರೆದಿತ್ತು. ಕ್ಯಾಮೆರಾ ಹಣೆಗೆ ಕಟ್ಟಿಕೊಂಡು ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

“ಬಾ, ಕೆಳಗೆ ಕೂತ್ಕೋ. ನನ್ನ ಕಾಲ ಹತ್ರ. ಆ ಕಡೆ ಮುಖ ಮಾಡಿ.”

“ಈ ವಯಸ್ಸಿಗಾ? ಕೂತ್ರೆ ಏಳ್ಸೋಕೆ ಭಾವ ಡಿಪೋದಿಂದ ಜ್ಯಾಕ್ ತರಬೇಕು,” ಎಂದು ತಂಗಿ ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. ಕೂತಳು.

ಅಕ್ಕ ಹಿಂದಿನಿಂದ ತೋಳು ಸುತ್ತಿ, ತಂಗಿಯ ಕಣ್ಣೆದುರು ಹಾಳೆ ಹಿಡಿದಳು. ಎಂಟು ಮಡಿಕೆ. ಗಲ್ಲ ತಂಗಿಯ ನೆತ್ತಿಗೆ ಒಮ್ಮೆ ಉಜ್ಜಿತು, ಆಮೇಲೆ ಊರಿ ನಿಂತಿತು. ಅಕ್ಕನ ಮಣಿಕಟ್ಟಿನ ಮೇಲೆ ತಂಗಿಯ ಕಣ್ಣಿನಿಂದ ಒಂದು ಹನಿ ಬಿತ್ತು. ಅವಳು ಅಳುತ್ತಿದ್ದಾಳೆಂದು ಅಕ್ಕನಿಗೆ ತಿಳಿಯಿತು, ಕತ್ತರಿ ನಿಲ್ಲಿಸಲಿಲ್ಲ.

“ನೋಡು. ಕತ್ತರಿ ನಿಲ್ಲಬೇಕು, ಕಾಗದ ತಿರುಗಬೇಕು.”

ಆಮೇಲೆ ಡಿಪೋದಿಂದ ಬಂದ ಗಂಡನೂ ಸೇರಿ ಮೂವರೂ ಫೋನಿನ ಪರದೆಯಲ್ಲಿ ಅದನ್ನು ನೋಡಿದರು. ಚಿತ್ರದ ಕೆಳತುದಿಯಲ್ಲಿ ತಂಗಿಯ ನರೆಗೂದಲ ಬೈತಲೆ, ಅದರಾಚೆ ಎರಡು ಕೈ, ಕೈಗಳ ನಡುವೆ ಒಂದು ಎಲೆ ಅಂಚಿನಿಂದ ಅಂಚಿಗೆ ಹುಟ್ಟುತ್ತಿತ್ತು. ಏನೂ ಅಲುಗುತ್ತಿರಲಿಲ್ಲ. ಅಲುಗಾಟ ತಡೆಯೋದನ್ನ ಹಾಕಿದ್ದೀಯಾ ಎಂದ ಗಂಡ. ಇಲ್ಲ ಎಂದಳು. ಅವನು ಬಹಳ ದಿನಗಳ ಮೇಲೆ ಅವಳ ಮುಖ ನೋಡಿದ.

ತಂಗಿ ಎಲೆಯನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಮಡಚಿದಳು.

“ನಾಳೆ ಹಕ್ಕಿ ಹೇಳಿಕೊಡ್ತೀಯಾ?”

“ಹೂಂ,” ಎಂದಳು ಅಕ್ಕ. ಅವಳ ತಲೆ ಅಡ್ಡಡ್ಡ ಆಡಿತು.

ತಂಗಿ ಎರಡನೆಯ ಸಲ ಕೇಳಲಿಲ್ಲ. ಚೂರು ಕಾಗದಗಳನ್ನು ಅಂಗೈಯಲ್ಲಿ ಬಳಿದು, ನಾಳೆಗೊಂದು ಹಾಳೆ ಆರಿಸತೊಡಗಿದಳು.