ಎರಡನೆಯ ಒಲೆ

ಮೊನ್ನೆ ಶಿರಸಿಯಲ್ಲಿ ಹೊಸ ಖಾನಾವಳಿಯವರು ಅಂಗಳದಲ್ಲಿ ಮಣ್ಣಿನ ಒಲೆ ಹಾಕಿ ಮೊದಲ ಬೆಂಕಿ ಹಚ್ಚಿದ್ದರು. ಹಸಿ ಮಣ್ಣು ಕಾಯುವಾಗ ಏಳುವ ಆ ವಾಸನೆ, ಸಗಣಿ ಸಾರಿಸಿದ ಘಾಟು ಬೆರೆತದ್ದು, ಮೂಗಿಗೆ ಬಡಿದದ್ದೇ ತಡ, ಉಣ್ಣುವ ಮನಸ್ಸೇ ಹೋಯಿತು. ಉಳಿದವರಿಗೆ ಅದರಿಂದ ಹಸಿವಾಗುತ್ತದೆ. ನನಗೆ ಬನವಾಸಿ ಹತ್ತಿರದ ನಮ್ಮ ಮನೆ ನೆನಪಾಗುತ್ತದೆ. ಈಗ ಅದರ ನಡುವೆ ಗೋಡೆಯಿದೆ, ಎರಡೂ ಕಡೆ ಬಾಡಿಗೆಯವರಿದ್ದಾರೆ. ಆಗ ಅಪ್ಪ, ಅವ್ವ, ಕಾಕಾ, ಚಿಗವ್ವ, ಅಜ್ಜಿ, ನಾನು, ಕಾಕಾನ ಮಗಳು ಪೂರ್ಣಿಮಾ, ಏಳೂ ಜನ ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೆವು.

ಪೂರ್ಣಿ ನನಗಿಂತ ಎಂಟು ತಿಂಗಳು ಚಿಕ್ಕವಳು, ಕ್ಲಾಸು ಒಂದೇ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಅವಳ ಅಕ್ಷರ ದುಂಡಗೆ, ಜಡೆ ಉದ್ದ, ಅವಳು ಬಡಿದ ರೊಟ್ಟಿ ಹೆಂಚಿನ ಮೇಲೆ ಬಿದ್ದ ಕೂಡಲೇ ಉಬ್ಬುತ್ತಿತ್ತು. ಅಜ್ಜಿ ಅವಳಿಗೇ ಹೆಚ್ಚು ಕೆನೆ ಹಾಕುತ್ತಾಳೆಂದು ಒಮ್ಮೆ ಗುಟ್ಟಾಗಿ ಬಟ್ಟಲು ಬದಲಿಸಿದೆ. ಎರಡರಲ್ಲೂ ಅಷ್ಟೇ ಕೆನೆಯಿತ್ತು. ಅದಕ್ಕೂ ಸಿಟ್ಟು ಬಂತು. ಓರಗೆಯವರ ಜೊತೆ ಒಂದೇ ಮನೆಯಲ್ಲಿ ಬೆಳೆದಿದ್ದರೆ ಈ ಉರಿ ನಿಮಗೂ ಗೊತ್ತು. ಪಿಯುಸಿಯಲ್ಲಿ ಅವಳಿಗೆ ನನಗಿಂತ ಏಳು ಅಂಕ ಹೆಚ್ಚು ಬಂದವು.

ಇಬ್ಬರಿಗೂ ಧಾರವಾಡದಲ್ಲಿ ಓದುವ ಆಸೆ. ಅಲ್ಲಿನ ಫೀಸು, ಹಾಸ್ಟೆಲ್ಲು ಮನೆಯವರ ಕೈಗೆ ನಿಲುಕುವಂತಿರಲಿಲ್ಲ. ಜಾಣ ಮಕ್ಕಳಿಗೆಂದು ಒಂದು ಟ್ರಸ್ಟಿನವರು ಕೊಡುತ್ತಿದ್ದ ವಿದ್ಯಾರ್ಥಿವೇತನವೊಂದೇ ದಾರಿ. ಅದರ ಅರ್ಜಿಯ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಒಂದು ರೇಷನ್ ಕಾರ್ಡಿಗೆ ಒಂದೇ ಅರ್ಜಿ. ಊಟದ ಹೊತ್ತಿಗೆ ಅಪ್ಪ ಅದನ್ನು ಓದಿ ಹೇಳಿದ. “ಪೂರ್ಣೀದ ಹಾಕ್ರಿ. ಆಕಿಗೆ ಹೆಚ್ಚ ಬಂದಾವು,” ಅಂದಳು ಅಜ್ಜಿ, ಪಲ್ಯ ಬಡಿಸುತ್ತ, ಅಷ್ಟು ಸಲೀಸಾಗಿ. ನಾನು ತಾಟು ಸರಿಸಿ ಎದ್ದೆ. “ಹಂಗಾದ್ರ ಕಾರ್ಡ್ ಬ್ಯಾರೆ ಮಾಡಸ್ರಿ,” ಅಂದೆ. ಎರಡು ದಿನ ಉಣ್ಣದೆ ಹಟ ಹಿಡಿದ ಮೇಲೆ ಕಾಕಾನೇ ನಕ್ಕು, “ಕಾಗದದಾಗ ಅಷ್ಟ ಅಲ್ಲೇನವಾ? ಮಾಡೂಣು ಬಿಡು,” ಅಂದ.

ಕಾರ್ಡು ಬೇರೆಯಾಗಬೇಕಾದರೆ ಅಡಿಗೆ ಬೇರೆ ಇರಬೇಕು, ಕಚೇರಿಯವರು ಬಂದು ನೋಡುತ್ತಾರೆ ಎಂದರು. ಅವ್ವ ಹಿಂದಿನ ಪಡಸಾಲೆಯಲ್ಲಿ ಒಂದು ಒಲೆ ಹಾಕಿದಳು. ಮಣ್ಣು ತುಳಿದುಕೊಟ್ಟವಳು ಚಿಗವ್ವ. ಇಬ್ಬರೂ ನಾಟಕದ ಸಾಮಾನು ಕಟ್ಟಿದ ಹಾಗೆ ನಗುತ್ತಿದ್ದರು. ಅಜ್ಜಿ ಮಾತ್ರ ಆ ಕಡೆ ಕಾಲಿಡಲಿಲ್ಲ. ಬಂದ ಸಾಹೇಬರು ಎರಡೂ ಒಲೆಯ ಚಹಾ ಕುಡಿದು, ಎರಡನ್ನೂ ಚೆನ್ನಾಗಿದೆಯೆಂದು ಹೊಗಳಿ, ಬರೆದುಕೊಂಡು ಹೋದರು. ಅವರು ಹೋದ ಮೇಲೆ ಅಪ್ಪ ಹಾರೆ ತಂದ. “ಇರ್ಲಿ ಬಿಡ್ರಿ, ಬಿಸಿನೀರಿಗೆ ಆಕ್ಕೈತಿ,” ಅಂದಳು ಅವ್ವ. ಬಿಸಿನೀರಾಯಿತು, ಒಂದು ದಿನ ಅಲ್ಲೇ ನಮ್ಮ ನಾಲ್ಕು ರೊಟ್ಟಿಯಾಯಿತು, ಆಮೇಲೆ ಹಿಟ್ಟಿನ ಡಬ್ಬಿ ಬೇರೆ, ಉಪ್ಪಿನಕಾಯಿ ಭರಣಿ ಬೇರೆ. ಯಾರೂ ಜಗಳವಾಡಲಿಲ್ಲ. ಇಬ್ಬರು ಹೆಂಗಸರೂ ಎಷ್ಟು ವರ್ಷದಿಂದ ತಂತಮ್ಮದೇ ಒಂದು ಒಲೆಗಾಗಿ ಕಾದಿದ್ದರೋ, ನನ್ನ ಹಟ ಒಂದು ನೆಪವಾಯಿತೋ, ನನಗೆ ತಿಳಿಯದು. ಅಜ್ಜಿ ಬೆಳಗ್ಗೆ ಅಲ್ಲಿ, ಸಂಜೆ ಇಲ್ಲಿ ಉಣ್ಣತೊಡಗಿದಳು, ತನ್ನ ತಾಟನ್ನು ತಾನೇ ಹಿಡಿದುಕೊಂಡು.

ಪಟ್ಟಿ ಬಂದಾಗ ಅದರಲ್ಲಿ ಪೂರ್ಣಿಯ ಹೆಸರಿತ್ತು, ನನ್ನದಿರಲಿಲ್ಲ. ಆ ಮಧ್ಯಾಹ್ನ ಅವಳು ಸಕ್ಕರೆ ಬಟ್ಟಲು ಹಿಡಿದು ನಮ್ಮ ಕಡೆಗೆ ಬಂದಳು. ನಾವಿಬ್ಬರೂ ಹುಟ್ಟಿ ಬೆಳೆದ ಮನೆ ಅದು. ಅವಳು ಯಾವ ಕೋಣೆಗೂ ಓಡುತ್ತಲೇ ನುಗ್ಗಿ ಗೊತ್ತು, ನನ್ನ ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿ ಗೊತ್ತು. ಅವತ್ತು ಪಡಸಾಲೆಯ ಹೊಸ್ತಿಲಿನಾಚೆ ನಿಂತಳು. ಹೊಸ ಲಂಗ ಉಟ್ಟಿದ್ದಳು, ಅದೂ ನನ್ನ ಕಣ್ಣಿಗೆ ಚುಚ್ಚಿತು.

“ಒಳಗ ಬರ್ಲೇನಕ್ಕಾ?” ಎಂದು ಕೇಳಿದಳು.

ನಾನು ಕೈ ಚಾಚಿ ಸಕ್ಕರೆ ಇಸಿದುಕೊಂಡೆ. ಬಾ ಅನ್ನಲಿಲ್ಲ.